ಮದ್ದಿನ ಗಿಡದ ವಸಾಹತು ಚರಿತ್ರೆ ಹುಡುಕುವುದು ಹೇಗೆ: ಕೊಡಸಿಗೆಯನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ

ಕಾಳುಮೆಣಸು, ಏಲಕ್ಕಿ, ಶ್ರೀಗಂಧ, ಅಮೃತಬಳ್ಳಿ, ಕೊಡಸಿಗೆ. ನಮ್ಮ ಕರಾವಳಿ, ಮಲೆನಾಡಿನ ಗಿಡಮರಗಳ ಬಗ್ಗೆ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಸಾವಿರಗಟ್ಟಲೆ ಪುಟ ಬರೆದಿಟ್ಟಿದ್ದಾರೆ. ಅಚ್ಚಾದ ಮುಖ್ಯ ಪುಸ್ತಕಗಳೆಲ್ಲ ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಕಾಸು ಕೊಡದೆ ಸಿಗುತ್ತವೆ. ಸಿಗುವುದು ಸುಲಭವಾದ ಹಾಗೆ ಎಡವುವುದೂ ಸುಲಭವಾಗಿದೆ. ಹಳೆಯ ಪುಟದಲ್ಲಿ ಒಂದು ಹೆಸರು ಕಂಡ ಕೂಡಲೇ ಗಿಡವೇ ಸಿಕ್ಕಿತೆಂದು ಬರೆದುಬಿಡುತ್ತೇವೆ. ಹೆಸರು ಬೇರೆ, ಗಿಡ ಬೇರೆ, ಪೇಟೆಗೆ ಬಂದ ಸರಕು ಬೇರೆ. ಮೂರಕ್ಕೂ ಪ್ರತ್ಯೇಕ ಸಾಕ್ಷಿ ಬೇಕು. ಇವುಗಳ ಜೊತೆ ನಾಲ್ಕನೆಯದೊಂದಿದೆ: ಆ ಮಾತನ್ನು ಪರದೇಶಿಗೆ ಹೇಳಿಕೊಟ್ಟವರು ಯಾರು ಎಂಬುದು. ಹಳೆಯ ಪುಸ್ತಕಗಳು ಬಹಳ ಸಲ ಮುಚ್ಚಿಬಿಟ್ಟಿರುವುದು ಇದನ್ನೇ. ನಾವು ಎಲ್ಲಕ್ಕಿಂತ ಹೆಚ್ಚು ಜತನದಿಂದ ಹುಡುಕಬೇಕಾದದ್ದೂ ಇದನ್ನೇ.

ಒಂದೇ ಗಿಡ ಹಿಡಿಯಿರಿ. ಇಲ್ಲಿ ಕೊಡಸಿಗೆಯನ್ನು ಹಿಡಿದಿದ್ದೇವೆ. ಸಂಸ್ಕೃತದ ಕುಟಜ ಇದೇ. ಆಮಶಂಕೆ, ರಕ್ತಭೇದಿಗೆ ಇದರ ತೊಗಟೆ, ಇದರ ಬೀಜವೇ ಇಂದ್ರಯವ. ವಸಾಹತು ಕಾಲದಲ್ಲಿ ಯುರೋಪಿನ ಔಷಧ ಪೇಟೆಗೆ ಹೋಗಿ, ಹೆಸರು ಮಾಡಿ, ಹೆಸರು ಕೆಡಿಸಿಕೊಂಡ ಮರ ಇದು. ಹೆಸರು ಕೆಟ್ಟದ್ದು ಮರದ ತಪ್ಪಿನಿಂದಲ್ಲ.

ಮೊದಲು ಹೆಸರಿನ ಹಾಳೆ

ಒಂದು ದೊಡ್ಡ ಹಾಳೆಯಲ್ಲಿ ಗಿಡದ ಹೆಸರನ್ನು ಕನ್ನಡ, ತುಳು, ಕೊಂಕಣಿ, ಮಲಯಾಳ, ತಮಿಳು, ಮರಾಠಿ, ಸಂಸ್ಕೃತಗಳಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಒಂದೇ ಹೆಸರಿಗೆ ನಿಲ್ಲಬೇಡಿ. ಪ್ರತಿ ಹೆಸರಿನ ಪಕ್ಕದಲ್ಲಿ ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೇಳಿದ್ದು ಅಥವಾ ಯಾವ ಪುಸ್ತಕದ ಯಾವ ಪುಟದಲ್ಲಿ ಕಂಡದ್ದು ಎಂದು ಇರಲಿ. ಊರಿಲ್ಲದ ಹೆಸರು ಮುಂದೆ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಒಂದೇ ಹೆಸರು ಎರಡು ಮರಕ್ಕೆ ಇರುವುದು ನಮ್ಮಲ್ಲಿ ಮಾಮೂಲು. ಹಾಲು ಒಸರುವ ಮರಗಳಿಗೆ ಹಾಲೆ, ಪಾಲೆ ಎಂದು ಸೇರಿಸಿ ಕರೆಯುವುದು ಘಟ್ಟದ ಎರಡೂ ಕಡೆ ಇದೆ. ಆದ್ದರಿಂದ 'ಪಾಲ' ಎಂದು ಕೊನೆಗೊಳ್ಳುವ ಯಾವ ಹಳೆಯ ಹೆಸರನ್ನೂ ಅಷ್ಟಕ್ಕೇ ನಂಬಬೇಡಿ.

ಹೆಸರಿನ ಮುಂದಿರುವ ಪದವೂ ಚರಿತ್ರೆ ಹೇಳುತ್ತದೆ. 'ಪರಂಗಿ' ಅಂದರೆ ಪೋರ್ಚುಗೀಸರ ಕಾಲದ ಗುರುತು. ಪರಂಗಿ ಹಣ್ಣು ಅಮೆರಿಕ ಖಂಡದ್ದು. ಪರಂಗಿ ಚಕ್ಕೆ ಚೀನಾ ಕಡೆಯಿಂದ ಬಂದ ಬೇರು. ಅದು ಮದ್ದಾದದ್ದು ಪರಂಗಿ ರೋಗಕ್ಕೆ, ಅಂದರೆ ಸಿಫಿಲಿಸ್‌ಗೆ. ಹದಿನಾರನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲಿ ಫಿರಂಗ ರೋಗವೂ ಇದೆ, ಅದಕ್ಕೆ ಈ ಬೇರೂ ಇದೆ. ರೋಗ, ಮದ್ದು ಎರಡೂ ಹಡಗು ಹತ್ತಿ ಬಂದವು. 'ಸೀಮೆ' ಎಂದರೂ ಹೊರಗಿನದು ಎಂದೇ: ಸೀಮೆಹುಣಸೆ, ಸೀಮೆಬದನೆ ಎರಡೂ ಅಮೆರಿಕದವು. ಕೆಲವು ಹೆಸರು ಮಾತ್ರ ದಾರಿ ತಪ್ಪಿಸುತ್ತವೆ. ನೀಲಗಿರಿ ಮರದ ತವರು ಆಸ್ಟ್ರೇಲಿಯಾ.

ಮೆಣಸಿನ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಹಸಿಮೆಣಸು, ಒಣಮೆಣಸು ಕೊಡುವ ಗಿಡ ಪೋರ್ಚುಗೀಸರ ಜೊತೆ ಬಂದದ್ದು. ಅದಕ್ಕೆ ಮುಂಚಿನ ಕನ್ನಡದಲ್ಲಿ 'ಮೆಣಸು' ಎಂದರೆ ಕಾಳುಮೆಣಸು ಒಂದೇ. ಹೊಸದು ಬಂದು ಹಳೆಯ ಹೆಸರನ್ನು ಕಿತ್ತುಕೊಂಡಾಗ ಹಳೆಯದಕ್ಕೆ ವಿಶೇಷಣ ಬೇಕಾಯಿತು: ಕಾಳುಮೆಣಸು, ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆ ಮುಂಚಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ಲೆಕ್ಕದಲ್ಲಿ. ಹಳೆಯ ಕಾಗದದಲ್ಲಿ ಬರೀ 'ಮೆಣಸು' ಎಂದಿದ್ದರೆ ವರ್ಷ ನೋಡದೆ ಅರ್ಥ ಮಾಡಬೇಡಿ.

ಊರಿನ ಹೆಸರುಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ. ಓನೋರ್ ಎಂದರೆ ಹೊನ್ನಾವರ, ಬಾರ್ಸೆಲೋರ್ ಎಂದರೆ ಬಸ್ರೂರು, ಬಾಟಿಕಾಲ ಎಂದರೆ ಭಟ್ಕಳ.

ಸಸ್ಯಶಾಸ್ತ್ರದ ಹೆಸರು, ಅದರ ಹಳೆಯ ವೇಷಗಳು

ಕ್ಯೂ ಉದ್ಯಾನದವರು ನಡೆಸುವ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ತಾಣಕ್ಕೆ ಹೋಗಿ, ಈಗ ಒಪ್ಪಿತವಾದ ಹೆಸರನ್ನೂ ಅದರ ಕೆಳಗಿರುವ ಎಲ್ಲ ಪರ್ಯಾಯ ಹೆಸರನ್ನೂ ನಕಲು ಮಾಡಿಕೊಳ್ಳಿ. ಹಳೆಯ ಪುಸ್ತಕದಲ್ಲಿ ಹುಡುಕಬೇಕಾದದ್ದು ಪರ್ಯಾಯ ಹೆಸರುಗಳನ್ನು. ಈಗಿನ ಹೆಸರು ಅಲ್ಲಿ ಇರಲಿಕ್ಕಿಲ್ಲ.

ಕೊಡಸಿಗೆಗೆ ಈಗಿನ ಹೆಸರು ಹೊಲರೀನಾ ಪ್ಯುಬೆಸೆನ್ಸ್. ಬಹಳ ಕಾಲ ಪುಸ್ತಕಗಳಲ್ಲಿ ಓಡಾಡಿದ್ದು ಹೊಲರೀನಾ ಆಂಟಿಡಿಸೆಂಟೆರಿಕಾ. ಅದಕ್ಕೂ ಹಿಂದೆ, 1753ರಲ್ಲಿ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು ನೆರಿಯಮ್ ಆಂಟಿಡಿಸೆಂಟೆರಿಕಮ್. ತೊಡಕು ಇಲ್ಲೇ. ಲಿನೇಯಸನ ಈ ಒಂದು ಹೆಸರಿನ ಕೆಳಗೆ ಮಲಬಾರಿನ ಮರವೂ ಸಿಂಹಳದ ಬೇರೊಂದು ಗಿಡವೂ ಒಟ್ಟಾಗಿ ಕೂತಿದ್ದವು. ಆಮೇಲೆ ರಾಬರ್ಟ್ ಬ್ರೌನ್ ರೈಟಿಯಾ ಎಂಬ ಕುಲವನ್ನು ಬೇರೆ ಮಾಡಿದ. ಹಾಗಾಗಿ 'ಆಂಟಿಡಿಸೆಂಟೆರಿಕಾ' ಎಂಬ ಬಾಲ ಇವತ್ತಿಗೂ ಎರಡು ಬೇರೆ ಬೇರೆ ಗಿಡಗಳಿಗೆ ಅಂಟಿಕೊಂಡಿದೆ. ನರ್ಸರಿಗಳಲ್ಲಿ ಅಲಂಕಾರಕ್ಕೆ ಮಾರುವ, ಬಿಳಿ ನಕ್ಷತ್ರದಂಥ ಹೂವಿನ ಕುಳ್ಳು ಗಿಡ ರೈಟಿಯಾ ಆಂಟಿಡಿಸೆಂಟೆರಿಕಾ. ಅದು ಕೊಡಸಿಗೆ ಅಲ್ಲ. ಬಾಲ ಒಂದನ್ನೇ ಹಾಕಿ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಕುಲದ ಹೆಸರನ್ನು ಸೇರಿಸಿಯೇ ಹುಡುಕಿ.

ಹಾರ್ಟಸ್ ಮಲಬಾರಿಕಸ್ ಓದುವ ಬಗೆ

ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೇಡೆ ಮಾಡಿಸಿದ ಈ ಗ್ರಂಥ 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. 700ಕ್ಕೂ ಹೆಚ್ಚು ಗಿಡಗಳು, ತಾಮ್ರದ ತಗಡಿನಲ್ಲಿ ಕೊರೆದ ದೊಡ್ಡ ಚಿತ್ರಗಳು. ಭಾಷೆ ಲ್ಯಾಟಿನ್. ಲ್ಯಾಟಿನ್ ಬಾರದಿದ್ದರೂ ಕೆಲಸ ಆಗುತ್ತದೆ, ಏಕೆಂದರೆ ಚಿತ್ರಪುಟದ ಮೇಲೆ ಗಿಡದ ಹೆಸರು ರೋಮನ್, ಮಲಯಾಳ, ಅರಬ್ಬಿ, ದೇವನಾಗರಿ ಲಿಪಿಗಳಲ್ಲಿ ಇದೆ. ದೇವನಾಗರಿಯಲ್ಲಿರುವುದು ಕೊಂಕಣಿ ಹೆಸರು. ಉತ್ತರ ಕನ್ನಡ, ದಕ್ಷಿಣ ಕನ್ನಡದವರಿಗೆ ಎಷ್ಟೋ ಸಲ ಕಿವಿಗೆ ಬಿದ್ದದ್ದೇ ಆಗಿರುತ್ತದೆ.

ರೋಮನ್ ಲಿಪಿಯಲ್ಲಿ ಮಲಯಾಳದ ಉಚ್ಚಾರವನ್ನು ಡಚ್ಚರ ರೀತಿಯಲ್ಲಿ ಬರೆದಿದ್ದಾರೆ. ಟಿ, ಎಸ್, ಜೆ ಮೂರಕ್ಷರ ಒಟ್ಟಿಗೆ ಬಂದರೆ 'ಚ' ಎಂದು ಓದಿ. ಇನ್‌ಶ್ಚಿ ಎಂದರೆ ಇಂಜಿ, ಅಂದರೆ ಶುಂಠಿ. 'ಕುವ' ಎಂದು ಕೊನೆಯಾದರೆ ಶುಂಠಿ, ಅರಿಸಿನದ ಬಳಗ. ಮೊಲಗೊ-ಕೋಡಿ ಎಂದರೆ ಕಾಳುಮೆಣಸಿನ ಬಳ್ಳಿ. ಎಲೆಟ್ಟಾರಿ ಎಂದು ಬರೆದದ್ದೇ ಮುಂದೆ ಏಲಕ್ಕಿಯ ಕುಲಕ್ಕೆ ಎಲೆಟ್ಟೇರಿಯಾ ಎಂಬ ಹೆಸರಾಯಿತು. ಸಸ್ಯಶಾಸ್ತ್ರದ ಇಂಥ ಹೆಸರುಗಳ ಒಳಗೆ ಕೂತಿರುವುದು ಘಟ್ಟದ ಜನರ ಮಾತು.

ಕಂಪ್ಯೂಟರಿನಲ್ಲಿ ಹುಡುಕುವಾಗ ಒಂದು ಸಂಗತಿ ಮರೆತರೆ ಏನೂ ಸಿಗುವುದಿಲ್ಲ. ಆ ಕಾಲದ ಅಚ್ಚಿನಲ್ಲಿ ಪದದ ನಡುವಿನ ಎಸ್ ಅಕ್ಷರ ಉದ್ದವಾಗಿ, ಎಫ್‌ನಂತೆ ಕಾಣುತ್ತದೆ. ಯಂತ್ರ ಅದನ್ನು ಎಫ್ ಎಂದೇ ಓದಿಟ್ಟಿರುತ್ತದೆ. ಆದ್ದರಿಂದ ಪ್ರತಿ ಪದವನ್ನು ಎರಡು ಸಲ ಹುಡುಕಿ, ಒಮ್ಮೆ ಎಸ್ ಹಾಕಿ, ಒಮ್ಮೆ ಎಫ್ ಹಾಕಿ. ಅದಕ್ಕೂ ಸಿಗದಿದ್ದರೆ ಸಂಪುಟದ ಸೂಚಿಯನ್ನೇ ಕಣ್ಣಿಂದ ಓದುವುದು ಲೇಸು. ಕೆ.ಎಸ್. ಮಣಿಲಾಲ್ ಅವರ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ ತಂದಿತು. ಪ್ರತಿ ಗಿಡಕ್ಕೂ ಈಗಿನ ಹೆಸರು ಅದರಲ್ಲಿದೆ. ಅದು ಕೈಗೆ ಸಿಕ್ಕರೆ ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಕೊಡಸಿಗೆ ಇರುವುದು ಮೊದಲ ಸಂಪುಟದ 47ನೇ ಚಿತ್ರದಲ್ಲಿ, ಕೊಡಗ-ಪಾಲ ಎಂಬ ಹೆಸರಿನಲ್ಲಿ. ಪುಟ ಸಿಕ್ಕಿತೆಂದು ಮುಂದೆ ಓಡಬೇಡಿ. ಅದೇ ಸಂಪುಟದ ಆರಂಭದ ಹಾಳೆಗಳನ್ನು ತಿರುವಿ. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ಪ್ರಮಾಣಪತ್ರವೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರು 1675ರಲ್ಲಿ ಬರೆದುಕೊಟ್ಟ ಪತ್ರವೂ ಅಲ್ಲಿವೆ, ಅವರದೇ ಲಿಪಿಯಲ್ಲಿ. ಇಟ್ಟಿ ಅಚ್ಯುತನ್ ತಮ್ಮ ಮನೆತನದ ತಿಳಿವನ್ನು ಹೇಳಿ ಬರೆಸಿದವರು. ಆ ಪುಟದ ನಕಲನ್ನು ನಿಮ್ಮ ಕಡತದಲ್ಲಿ ಚಿತ್ರದ ಜೊತೆಗೇ ಇಡಿ. 'ರೇಡೆ ಕಂಡುಹಿಡಿದ' ಎಂದು ಬರೆಯುವ ಕೈಯನ್ನು ಅದು ತಡೆಯುತ್ತದೆ.

ಇದಕ್ಕೂ ನೂರು ವರ್ಷ ಹಿಂದಿನದು ಬೇಕಾದರೆ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ, ಇಲ್ಲಿನ ಮದ್ದುಗಳ ಬಗೆಗಿನ ಸಂಭಾಷಣೆಗಳ ಪುಸ್ತಕ. ಯುರೋಪು ಅದನ್ನು ಓದಿದ್ದು ಹೆಚ್ಚಾಗಿ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1567ರಲ್ಲಿ ತಂದ ಲ್ಯಾಟಿನ್ ಸಂಗ್ರಹದಲ್ಲಿ. ಆ ಸಂಗ್ರಹ ಸಂಭಾಷಣೆಯನ್ನೇ ಕಿತ್ತುಹಾಕಿತು, ಅದರೊಂದಿಗೆ ಮಾತಾಡುವ ಜನರೂ ಹೋದರು. ಗಿಡ, ಹಣ್ಣು ತಂದು ಮುಂದಿಡುವ ಮನೆಯಾಳು ಆಂತೋನಿಯಾ ಮೂಲದಲ್ಲಿದ್ದಾಳೆ, ಸಂಗ್ರಹದಲ್ಲಿ ಇಲ್ಲ. ಆದ್ದರಿಂದ 1913ರ ಮಾರ್ಕಂ ಅನುವಾದವನ್ನಾದರೂ ಓದಿ, ಸಂಗ್ರಹವನ್ನಲ್ಲ.

ಬುಕಾನನ್, ಮತ್ತು ಅವನ ನಂತರದವರು

ಟಿಪ್ಪು ಬಿದ್ದ ಮರುವರ್ಷ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು, ಕೆನರಾ, ಮಲಬಾರಿಗೆ ಕಳಿಸಿತು. 1800–1801ರ ಆ ತಿರುಗಾಟದ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದು ದಿನಚರಿಯಂತಿದೆ: ತಾರೀಖು, ಊರು, ಅಲ್ಲಿ ಕಂಡದ್ದು, ಕೇಳಿದ್ದು. ಮೆಣಸಿನ ತೋಟ, ಏಲಕ್ಕಿ, ಶ್ರೀಗಂಧದ ಬಗ್ಗೆ ಇಷ್ಟು ವಿವರ ಆ ಕಾಲದ ಬೇರೆ ಪುಸ್ತಕದಲ್ಲಿ ಸಿಗುವುದು ಅಪರೂಪ. ಉಲ್ಲೇಖಿಸುವಾಗ ಪುಟದ ಜೊತೆ ತಾರೀಖು, ಊರು ಬರೆಯಿರಿ. ಸೋಂದೆಯ ತೋಟಕ್ಕೆ ಹೇಳಿದ್ದನ್ನು 'ಕರ್ನಾಟಕದಲ್ಲಿ ಹೀಗಿತ್ತು' ಎಂದು ಹಿಗ್ಗಿಸಬೇಡಿ. ಅವನು ಕೇಳಿದ್ದು ಕಂದಾಯ ಹೆಚ್ಚಿಸಲು ದಾರಿ ಹುಡುಕುತ್ತಿದ್ದ ಸರ್ಕಾರದ ಪರವಾಗಿ, ದುಭಾಷಿಯ ಮೂಲಕ. ರೈತನಿಗೆ ಇಳುವರಿಯನ್ನು ಕಡಿಮೆ ಹೇಳಲು ಸಾಕಷ್ಟು ಕಾರಣವಿತ್ತು. ಇನ್ನೊಂದು, ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡ. ಸೂಚಿಗಳಲ್ಲಿ ಎರಡೂ ಹೆಸರಿನಡಿ ನೋಡಿ, ಇಲ್ಲವಾದರೆ ಹಾರ್ಟಸ್ ಮಲಬಾರಿಕಸ್ ಮೇಲೆ ಅವನೇ ಬರೆದ ಟಿಪ್ಪಣಿಗಳು ಕೈತಪ್ಪುತ್ತವೆ.

ಹತ್ತೊಂಬತ್ತನೇ ಶತಮಾನಕ್ಕೆ ನಾಲ್ಕು ಪುಸ್ತಕ ಸಾಕು: ಐನ್‌ಸ್ಲಿಯ ಮೆಟೀರಿಯಾ ಇಂಡಿಕಾ (1826), ವೇರಿಂಗ್ ಸಂಪಾದಿಸಿದ ಫಾರ್ಮಕೋಪಿಯಾ ಆಫ್ ಇಂಡಿಯಾ (1868), ಡಿಮಾಕ್, ವಾರ್ಡನ್, ಹೂಪರ್ ಮೂವರ ಫಾರ್ಮಕೋಗ್ರಾಫಿಯಾ ಇಂಡಿಕಾ (1890–93), ಜಾರ್ಜ್ ವಾಟ್‌ನ ಆರ್ಥಿಕ ಉತ್ಪನ್ನಗಳ ನಿಘಂಟು (1889–93). ಡಿಮಾಕ್‌ನಲ್ಲಿ 'ಕ್ಯಾನ್' (ಕ್ಯಾನರೀಸ್) ಎಂಬ ಸಂಕ್ಷೇಪ ಹಚ್ಚಿದ ಹೆಸರು ಕನ್ನಡದ್ದು. ನಾಲ್ಕರಲ್ಲೂ ಒಂದೇ ಮಾತು ಇದ್ದರೆ ನಾಲ್ಕು ಸಾಕ್ಷಿ ಎಂದು ಎಣಿಸಬೇಡಿ. ಒಬ್ಬ ಇನ್ನೊಬ್ಬನನ್ನು ನೋಡಿ ಬರೆದಿರುತ್ತಾನೆ. ಮೊದಲು ಹೇಳಿದವನನ್ನು ಹುಡುಕಿ, ಉಳಿದವರನ್ನು ಅವನ ಕೆಳಗೆ ಬರೆಯಿರಿ.

ಗಿಡದ ಮುಂದೆ ನಿಂತು ಪರೀಕ್ಷೆ

ಕೊಡಸಿಗೆಯ ತೊಗಟೆ ಯುರೋಪಿಗೆ ಹೋದದ್ದು ಕೊನೆಸ್ಸಿ ತೊಗಟೆ, ತೆಲ್ಲಿಚ್ಚೇರಿ ತೊಗಟೆ ಎಂಬ ಹೆಸರುಗಳಲ್ಲಿ. ಅದರ ಜೊತೆ ರೈಟಿಯಾ ಟಿಂಕ್ಟೋರಿಯಾದ ತೊಗಟೆ ಬೆರೆಯಿತು. ನಮ್ಮಲ್ಲಿ ಬೆಪ್ಪಾಲೆ ಎನ್ನುವ ಮರ ಅದು. ನೋಡಲು ಹತ್ತಿರ, ಆಮಶಂಕೆಗೆ ಕೊಡಸಿಗೆಯ ಗುಣ ಅದಕ್ಕಿಲ್ಲ. ಮದ್ದು ಕೆಲಸ ಮಾಡದಾಗ ಯುರೋಪಿನ ವೈದ್ಯರು ಕೊಡಸಿಗೆಯನ್ನೇ ಕೈಬಿಟ್ಟರು. ಹೆಸರು, ಗಿಡ, ಸರಕು ಮೂರನ್ನೂ ಒಂದೇ ಎಂದುಕೊಂಡದ್ದರ ಫಲ ಇದು. ಹಳೆಯ ಪುಸ್ತಕದಲ್ಲಿ 'ಈ ತೊಗಟೆಯಿಂದ ಉಪಯೋಗವಿಲ್ಲ' ಎಂದಿದ್ದರೆ, ಅವರ ಕೈಯಲ್ಲಿದ್ದದ್ದು ಯಾವ ತೊಗಟೆ ಎಂಬ ಪ್ರಶ್ನೆ ಮೊದಲು ಬರಬೇಕು.

ಎರಡನ್ನೂ ಬೇರೆ ಮಾಡಲು ಎಲೆ ಸಾಲದು. ಎರಡರಲ್ಲೂ ಎಲೆ ಎದುರುಬದುರು, ಮುರಿದರೆ ಹಾಲು. ಹೂವಿನ ನಡುವೆ ನೋಡಿ. ಬೆಪ್ಪಾಲೆಯಲ್ಲಿ ಕೇಸರಗಳು ಒಟ್ಟುಗೂಡಿ ಮೊನಚಾಗಿ ಹೊರಚಾಚಿರುತ್ತವೆ. ಕೊಡಸಿಗೆಯಲ್ಲಿ ಅವು ಹೂವಿನ ಕೊಳವೆಯೊಳಗೆ ಅಡಗಿರುತ್ತವೆ, ಮೇಲಿಂದ ಕಾಣುವುದಿಲ್ಲ. ಕಾಯಿ ಎರಡರಲ್ಲೂ ಜೋಡಿ, ಉದ್ದ, ಜೋತಾಡುವಂಥದು. ಬೆಪ್ಪಾಲೆಯ ಎಳೆಯ ಜೋಡಿಕಾಯಿಗಳ ತುದಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಕೊಡಸಿಗೆಯಲ್ಲಿ ಮೊದಲಿನಿಂದಲೂ ಬಿಡಿಬಿಡಿ. ಇನ್ನೂ ಗಟ್ಟಿ ಗುರುತು ಬೇಕಿದ್ದರೆ ಒಣಗಿ ಬಾಯಿಬಿಡಲಿರುವ ಕಾಯೊಂದನ್ನು ಸೀಳಿ, ಬೀಜ ಕದಲಿಸದೆ ನೋಡಿ. ಬೀಜದ ರೇಷ್ಮೆಕೂದಲಿನ ಕುಚ್ಚು ಕಾಯಿಯ ತುದಿಯ ಕಡೆ ಮುಖ ಮಾಡಿದ್ದರೆ ಕೊಡಸಿಗೆ, ತೊಟ್ಟಿನ ಕಡೆ ಮುಖ ಮಾಡಿದ್ದರೆ ಬೆಪ್ಪಾಲೆ. ಪೇಟೆಯಲ್ಲಿ ಕಹಿ ಇಂದ್ರಯವ, ಸಿಹಿ ಇಂದ್ರಯವ ಎಂದು ಎರಡು ಇರುವುದೂ ಇದಕ್ಕೇ. ಕಹಿಯದು ಕೊಡಸಿಗೆ. ಬೆಪ್ಪಾಲೆಗೆ ಅದರದೇ ಚರಿತ್ರೆ ಇದೆ: ಅದರ ಎಲೆಯಿಂದ ನೀಲಿ ಬಣ್ಣ ತೆಗೆಯಬಹುದೆಂದು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಕಂಪನಿಗೆ ವಿವರವಾಗಿ ಬರೆದಿದ್ದ.

ಹೂ, ಕಾಯಿ, ಎಲೆಯ ಎರಡೂ ಮುಖ, ತೊಗಟೆ, ಪ್ರತಿಯೊಂದಕ್ಕೂ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ತೊಗಟೆ ಕೆತ್ತಬೇಡಿ. ಅನುಮಾನ ಉಳಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಜೆಸಿಬಿ' ಹೆಸರಿನ ಹರ್ಬೇರಿಯಂನ (ಒಣಗಿಸಿದ ಗಿಡಗಳ ಸಂಗ್ರಹಾಲಯದ) ಒಣಮಾದರಿಗಳ ಜೊತೆ ಹೋಲಿಸಿ.

ತೂಕ, ಹಣ, ಪ್ರಮಾಣ

ಲೆಕ್ಕ ಕೆಡುವುದು ಹೆಚ್ಚಾಗಿ ಖಂಡಿಯಲ್ಲಿ. 20 ಮಣಕ್ಕೆ ಒಂದು ಖಂಡಿ ಎಂಬುದು ಮದ್ರಾಸು, ಬೊಂಬಾಯಿ ಎರಡಕ್ಕೂ ಸರಿ, ಆದರೆ ಮಣ ಒಂದಲ್ಲ. ಮದ್ರಾಸಿನ ಮಣ 25 ಪೌಂಡು, ಅಂದರೆ 11.34 ಕಿಲೋ. ಬೊಂಬಾಯಿಯದು 28 ಪೌಂಡು, 12.7 ಕಿಲೋ. ಬಂಗಾಳದ ಸರ್ಕಾರಿ ಮಣ 37.32 ಕಿಲೋ. ಹತ್ತು ಖಂಡಿ ಮೆಣಸು ಮದ್ರಾಸು ಲೆಕ್ಕದಲ್ಲಿ 2268 ಕಿಲೋ ಆದರೆ ಬೊಂಬಾಯಿ ಲೆಕ್ಕದಲ್ಲಿ 2540 ಕಿಲೋ. ಇವೂ ಪ್ರೆಸಿಡೆನ್ಸಿಯ (ಬ್ರಿಟಿಷ್ ಆಡಳಿತ ಪ್ರಾಂತ್ಯದ) ಅಧಿಕೃತ ತೂಕಗಳು ಮಾತ್ರ. ಊರಿನ ಸಂತೆಯ ಮಣ ಬೇರೆಯೇ ಇರುತ್ತಿತ್ತು. ಬುಕಾನನ್ ಆಯಾ ಊರಿನ ತೂಕವನ್ನು ವಿವರಿಸುವ ಕಡೆ ಅದನ್ನೇ ಹಿಡಿಯಿರಿ. ವರಹವೂ ಹಾಗೆಯೇ. ಕಂಠೀರವ, ಇಕ್ಕೇರಿ, ಮದ್ರಾಸಿನ ಸ್ಟಾರ್ ಪಗೋಡ ಒಂದೇ ಅಲ್ಲ. ಮೂಲದಲ್ಲಿದ್ದ ಅಂಕಿ, ಅಳತೆಯ ಹೆಸರು ಎರಡನ್ನೂ ಹಾಗೇ ಬರೆದು, ಕಿಲೋ ಅಥವಾ ರೂಪಾಯಿಯನ್ನು ಪಕ್ಕದ ಅಂಕಣದಲ್ಲಿ ಹಾಕಿ. ಮೂಲ ಅಳಿಸಿ ಬರೀ ಕಿಲೋ ಇಟ್ಟರೆ ತಪ್ಪಾದಾಗ ತಿದ್ದುವ ದಾರಿಯೇ ಮುಚ್ಚುತ್ತದೆ.

ಔಷಧದ ಪ್ರಮಾಣದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಹಳೆಯ ಪುಸ್ತಕದಲ್ಲಿ ಜಿ, ಆರ್ ಎಂಬ ಎರಡಕ್ಷರದ ಸಂಕ್ಷೇಪ ಗ್ರೇನ್, ಗ್ರಾಂ ಅಲ್ಲ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಐದು ಗ್ರೇನನ್ನು ಐದು ಗ್ರಾಂ ಎಂದು ಓದಿದರೆ ಹದಿನೈದು ಪಟ್ಟಿಗೂ ಹೆಚ್ಚು. ಡ್ರಾಮ್ ಎಂದರೆ 60 ಗ್ರೇನ್, 3.9 ಗ್ರಾಂ. ಇದನ್ನು ಚರಿತ್ರೆಯ ದಾಖಲೆಯಾಗಿ ಬರೆಯಿರಿ. ಈ ಪ್ರಮಾಣ ನೋಡಿ ಯಾರೂ ಮದ್ದು ಮಾಡಿಕೊಳ್ಳಬಾರದು.

ಸರಕಿನ ಹೆಸರು, ಕಡತದ ಊರು

ಪೇಟೆಯ ಹೆಸರಿನಲ್ಲಿರುವ ಊರು ಬೆಳೆದ ಊರಲ್ಲ, ಹಡಗು ಹತ್ತಿದ ಅಥವಾ ಮಾರಾಟವಾದ ಊರು. 'ಬಾಂಬೆ ಮೇಸ್' (ಮೇಸ್ ಎಂದರೆ ಜಾಪತ್ರೆ) ಎಂದು ಲಂಡನ್ ಪೇಟೆಯಲ್ಲಿ ಹೋದದ್ದು ನಮ್ಮ ಘಟ್ಟದ ರಾಂಪತ್ರೆ. 'ಕ್ಯಾಸಿಯ' ಎಂದರೆ ಒಂದು ಕಡೆ ಕಾಡು ದಾಲ್ಚಿನ್ನಿಯ ಚಕ್ಕೆ, ಇನ್ನೊಂದು ಕಡೆ ಕಕ್ಕೆಮರ. ನಾಗಕೇಸರ ಎಂಬ ಹೆಸರಿನಲ್ಲಿ ನಾಗಸಂಪಿಗೆಯ ಕೇಸರ, ಸುರಗಿಯ ಮೊಗ್ಗು, ದಾಲ್ಚಿನ್ನಿ ಜಾತಿಯ ಎಳೆಕಾಯಿ ಮೂರೂ ಮಾರಾಟವಾಗಿವೆ. ಸರಕಿನ ಪಟ್ಟಿಯಲ್ಲಿ ಇಂಥ ಹೆಸರು ಕಂಡರೆ ಗಿಡದ ಅಂಕಣವನ್ನು ಖಾಲಿ ಬಿಡಿ.

ಸರ್ಕಾರಿ ಕಡತ ಹುಡುಕುವ ಮುನ್ನ ಆ ವರ್ಷ ಆ ಜಿಲ್ಲೆ ಯಾರ ಕೈಯಲ್ಲಿತ್ತು ಎಂದು ನೋಡಿ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸು ಪ್ರೆಸಿಡೆನ್ಸಿಯಲ್ಲಿದ್ದವು, ಆ ಕಾಗದಗಳಿಗೆ ಚೆನ್ನೈಗೆ ಹೋಗಬೇಕು. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ಹೋಯಿತು. ಅದಕ್ಕೆ ಮುಂಚಿನದು ಚೆನ್ನೈಯಲ್ಲಿ, ನಂತರದ್ದು ಮುಂಬಯಿಯಲ್ಲಿ. ಶ್ರೀಗಂಧದಂಥ ಮೈಸೂರು ಸಂಸ್ಥಾನದ ವಿಷಯಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಉತ್ತರ ಕನ್ನಡಕ್ಕೆ 1883ರ ಬಾಂಬೆ ಗೆಜೆಟಿಯರ್ 15ನೇ ಸಂಪುಟದಿಂದ ಶುರು ಮಾಡಿದರೆ ಕಡತಗಳ ದಾರಿ ಬೇಗ ಸಿಗುತ್ತದೆ. ಹೊರಗಿನಿಂದ ತಂದು ನೆಟ್ಟ ಗಿಡವಾದರೆ ವೈದ್ಯರ ಮಾತಿಗಿಂತ ಸರ್ಕಾರಿ ಪತ್ರವ್ಯವಹಾರವೇ ಮುಖ್ಯ. ಮಲೇರಿಯಾದ ಮದ್ದು ಕ್ವಿನೈನ್ ಕೊಡುವ, ದಕ್ಷಿಣ ಅಮೆರಿಕದ ಸಿಂಕೋನ ಮರವನ್ನು ಕ್ಲೆಮೆಂಟ್ಸ್ ಮಾರ್ಕಂ 1860ರಲ್ಲಿ ನೀಲಗಿರಿಗೆ ತಂದದ್ದು, ಊಟಿಯಲ್ಲಿ ಮ್ಯಾಕ್‌ಐವರ್ ಅದನ್ನು ಬೆಳೆಸಿದ್ದು, ಇವೆಲ್ಲ ವರದಿಯಲ್ಲಿ ವರ್ಷವರ್ಷಕ್ಕೆ ದಾಖಲಾಗಿವೆ.

ಕೊನೆಯ ಹಾಳೆ

ಒಂದು ಉಲ್ಲೇಖಕ್ಕೆ ಒಂದು ಹಾಳೆ. ಪುಸ್ತಕದಲ್ಲಿ ಕಂಡ ಹೆಸರು ಅದೇ ಕಾಗುಣಿತದಲ್ಲಿ, ವರ್ಷ, ಸಂಪುಟ, ಪುಟ, ಊರು, ಬಳಸಿದ ಭಾಗ, ಉಪಯೋಗ, ಪ್ರಮಾಣ; ಗಿಡ ಯಾವುದೆಂಬ ನಿಮ್ಮ ತೀರ್ಮಾನ, ಅದಕ್ಕೆ ಆಧಾರ ಚಿತ್ರವೋ ಮಾದರಿಯೋ ಬರೀ ಹೆಸರೋ ಎಂಬುದು. ಪುಟಸಂಖ್ಯೆಗೆ ಎಷ್ಟು ಬೆಲೆ ಎಂದು ಅರಿಸಿನದ ಪ್ರಕರಣ ತೋರಿಸಿದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ನಮ್ಮ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಅದನ್ನು 1997ರಲ್ಲಿ ರದ್ದು ಮಾಡಿಸಿದ್ದು ಹಳೆಯ ಬರಹಗಳನ್ನು, 1953ರ ವೈದ್ಯಕೀಯ ಪತ್ರಿಕೆಯ ಲೇಖನವನ್ನೂ ಸೇರಿಸಿ, ಮುಂದಿಟ್ಟು. ಎಲ್ಲರ ಮನೆಯಲ್ಲೂ ಗೊತ್ತಿದ್ದ ಮಾತಿಗೂ ಅಲ್ಲಿ ಬರಹದ ಸಾಕ್ಷಿ ಬೇಕಾಯಿತು.

ಈಗಿನ ವೈದ್ಯರನ್ನೋ ಊರಿನ ಹಿರಿಯರನ್ನೋ ಕೇಳಿ ಬರೆಯುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ, ಹೆಸರು ಹಾಕಬೇಕೇ ಬೇಡವೇ ಎಂದು ಅವರನ್ನೇ ಕೇಳಿ. ಮದ್ದಿನ ಪಾಕ ಗುಟ್ಟಾಗಿರಲಿ ಎಂದರೆ ಬರೆಯಬೇಡಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇದ್ದರೆ ಅದನ್ನೂ ನೋಡಿ.

ಹಾಳೆಯ ಕೊನೆಯ ಅಂಕಣ 'ಹೇಳಿದವರು'. ಹಾರ್ಟಸ್ ಮಲಬಾರಿಕಸ್ ಆದರೆ ಅಲ್ಲಿ ನಾಲ್ಕು ಹೆಸರು ಬರೆಯಬಹುದು. ಹತ್ತೊಂಬತ್ತನೇ ಶತಮಾನದ ಪುಸ್ತಕವಾದರೆ ಬಹಳ ಸಲ 'ನೇಟಿವ್ ವೈದ್ಯರು ಹೇಳುತ್ತಾರೆ' ಎಂಬಷ್ಟೇ ಇರುತ್ತದೆ. ಆಗ ಅಂಕಣವನ್ನು ಖಾಲಿ ಬಿಡದೆ ಆ ಮಾತನ್ನೇ ಇದ್ದ ಹಾಗೆ ಇಳಿಸಿ, ಊರು ಗೊತ್ತಿದ್ದರೆ ಊರು, ಕಸುಬು ಗೊತ್ತಿದ್ದರೆ ಕಸುಬು ಸೇರಿಸಿ. ಮುಂದೆ ಬೇರೆ ಕಡತದಲ್ಲಿ ಹೆಸರು ಸಿಕ್ಕರೆ ತುಂಬಿಸಲು ಪಕ್ಕದಲ್ಲಿ ಎರಡು ಗೆರೆ ಜಾಗ ಇರಲಿ.